ಕೌದಿಯೊಳಗೆ ಸೇರಿದ ಹಡಗಿನ ಝಂಡಾ

ನನ್ನ ಅಕ್ಕನ ಗಂಡ ಹಡಗಿನಿಂದ ರಜೆಗೆ ಬಂದಾಗಲೆಲ್ಲ ಓಣಿಯ ಹೆಂಗಸರು ಏನಾದರೊಂದು ನೆಪ ಮಾಡಿಕೊಂಡು ಮನೆಗೆ ಬರುತ್ತಿದ್ದರು. ಪರದೇಶದ ಸಾಮಾನು ನೋಡುವ ಆಸೆ. ಮಾಮಾ (ಅಕ್ಕನ ಗಂಡನನ್ನು ನಾನು ಕರೆಯುವುದೇ ಹಾಗೆ) ಚೀಲದಿಂದ ನಾಲ್ಕು ಸೋಪು, ಒಂದಿಷ್ಟು ಚಾಕಲೇಟು ತೆಗೆದು ಹಂಚಿ, ಕೊನೆಗೆ ಅಡಿಯಿಂದ ಹಳೆಯ ಬಟ್ಟೆಯ ಗಂಟೊಂದನ್ನು ಎಳೆಯುತ್ತಿದ್ದರು. ಅದನ್ನು ಕಂಡು ಬಂದವರ ಮುಖ ಸಪ್ಪಗಾಗುತ್ತಿತ್ತು. ನಾನು ಮಾತ್ರ ಮುಂದೆ ಸರಿದು ಕೂರುತ್ತಿದ್ದೆ. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಆಗಲೂ ಈಗಲೂ ನನ್ನದು ಹೊಲಿಗೆಯ ಕೆಲಸ. ಕುಪ್ಪಸ, ಶಾಲೆಯ ಸಮವಸ್ತ್ರ, ಲಂಗ. ಆ ಗಂಟಿನಲ್ಲಿದ್ದಂಥ ಹೊಲಿಗೆಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಅವು ಜರ್ಮನಿಯ ಹಡಗು ಕಂಪನಿಗಳ ಬಾವುಟಗಳು. ಮಾಮಾ ಭಂಕೂರಿನವರು. ಅವರಪ್ಪ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು. ಮಾಮಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಕಲಿತು, ಮುಂಬೈಗೆ ಹೋಗಿ, ಏಜೆಂಟರ ಮೂಲಕ ಜರ್ಮನ್ನರ ಹಡಗುಗಳಲ್ಲಿ ಫಿಟ್ಟರ್ ಆಗಿ ಸೇರಿಕೊಂಡರು. ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಪ್ರತಿ ಸಲವೂ ಅದೇ ಕಂಪನಿ ಎಂದೇನಿಲ್ಲ. ಗಾಳಿಗೆ ಅಂಚು ಹರಿದ ಬಾವುಟಗಳನ್ನು ಹಡಗಿನವರು ಎಂಜಿನ್ ಕೋಣೆಯ ಒರೆಸುವ ಬಟ್ಟೆಯ ಚೀಲಕ್ಕೆ ಹಾಕುತ್ತಿದ್ದರಂತೆ. ಆ ಬಟ್ಟೆ ಎಣ್ಣೆ ಹೀರುವುದಿಲ್ಲ, ಹಾಗಾಗಿ ಕಡೆಗೆ ಅದು ಕಸಕ್ಕೇ ಹೋಗುವುದು. ಮಾಮಾ ಅವನ್ನು ಆರಿಸಿ, ತೊಳೆದು, ಮಡಚಿ ಇಟ್ಟುಕೊಳ್ಳುತ್ತಿದ್ದರು.

ಊಟವಾದ ಮೇಲೆ ಒಂದೊಂದನ್ನೇ ಹಾಸಿ ನಮಗೆ ವಿವರಿಸುತ್ತಿದ್ದರು. ಹಡಗಿನ ಹಿಂದಿನ ತುದಿಯಲ್ಲಿ ಹಾರುವುದು ದೇಶದ ಬಾವುಟ. ಆದರೆ ಜರ್ಮನ್ ಯಜಮಾನರ ಹಡಗಿನಲ್ಲಿ ಎಷ್ಟೋ ಸಲ ಅದು ಬೇರೆ ಯಾವುದೋ ದೇಶದ್ದು, ಯಾಕೆಂದರೆ ಹಡಗನ್ನು ಅಲ್ಲಿ ನೋಂದಾಯಿಸಿರುತ್ತಾರೆ. ಹಡಗು ನಿಜವಾಗಿ ಯಾರದೆಂದು ತಿಳಿಯಬೇಕಾದರೆ ಮೇಲೆ ಕಂಬದಲ್ಲಿ ಹಾರುವ ಕಂಪನಿಯ ಬಾವುಟವನ್ನೇ ನೋಡಬೇಕು. ಅದಕ್ಕೆ ಅವರು ಮನೆಯ ಬಾವುಟ ಎನ್ನುತ್ತಾರಂತೆ. ಹ್ಯಾಂಬರ್ಗ್, ಬ್ರೆಮೆನ್ ಊರುಗಳ ಎಷ್ಟೋ ಕಂಪನಿಗಳು ಒಂದೊಂದು ಮನೆತನದವು. ಮುತ್ತಜ್ಜನ ಹೆಸರಿನ ಮೊದಲ ಅಕ್ಷರ ಇನ್ನೂ ಬಾವುಟದ ನಡುವೆ ಇರುತ್ತದೆ. ಅಕ್ಕ ಇದನ್ನೆಲ್ಲ ಕೇಳಿ, ಹಂಗಾದರೆ ನಮ್ಮ ಮನೆಗೂ ಒಂದು ಏರಿಸಿರಿ, ವರ್ಷಕ್ಕೊಮ್ಮೆ ಬರುವ ಯಜಮಾನರು ಯಾರೆಂದು ಜನಕ್ಕೆ ತಿಳಿಯಲಿ ಎಂದು ನಗುತ್ತಿದ್ದಳು.

ರಜೆ ಮುಗಿದಾಗ ಅವರನ್ನು ಮುಂಬೈ ರೈಲಿಗೆ ಹತ್ತಿಸಲು ನಾವಿಬ್ಬರೂ ವಾಡಿ ಜಂಕ್ಷನ್ನಿನವರೆಗೆ ಹೋಗುತ್ತಿದ್ದೆವು. ರೈಲು ತಡವಾದಷ್ಟು ನನಗೆ ಖುಷಿ. ಸಿಮೆಂಟಿನ ವ್ಯಾಗನ್ನುಗಳ ನಡುವೆ ಅಪರೂಪಕ್ಕೆ ಕಂಟೇನರ್ ಗಾಡಿಯೊಂದು ಹಾದುಹೋದರೆ ಮಾಮಾ ಬೆರಳು ಮಾಡಿ, ಇದು ಹ್ಯಾಂಬರ್ಗಿನ ಮನೆತನದ್ದು, ಆ ಬಣ್ಣದವರನ್ನು ಈಗ ಬೇರೆಯವರು ಕೊಂಡಿದ್ದಾರೆ ಎಂದು ಹೇಳುತ್ತಿದ್ದರು. ನೆಂಟರ ಮದುವೆಯಲ್ಲಿ ಯಾರು ಯಾರ ಮಗ, ಯಾರ ಮನೆಗೆ ಯಾರನ್ನು ಕೊಟ್ಟಿದೆ ಎಂದು ಹಿರಿಯರು ತೋರಿಸುತ್ತಾರಲ್ಲ, ಹಾಗೆ.

ಅಕ್ಕ ಬಸುರಿಯಾಗಿದ್ದ ವರ್ಷ ಮಾಮಾ ತಂದ ಗಂಟಿನಲ್ಲಿ ಒಂದೇ ಬಾವುಟವಿತ್ತು. ಅದು ಹರಿದಿರಲಿಲ್ಲ. ಮೇಲೆ, ಕೆಳಗೆ ನೀಲಿ ಪಟ್ಟಿ, ನಡುವೆ ಬಿಳಿ, ಬಿಳಿಯ ಮೇಲೆ ಶಂಕರಪೋಳಿಯ ಆಕಾರದ ಹಸಿರು ತುಂಡು, ಅದರೊಳಗೆ ಇಂಗ್ಲಿಷಿನ ‘ಕೆ’ ಅಕ್ಷರ. ಮಾಮಾ ಆ ಸಲ ಅದನ್ನು ಹಾಸಿ ತೋರಿಸಲಿಲ್ಲ. ನಾನೇ ಬಿಡಿಸಿ ಕೇಳಿದ ಮೇಲೆ ಹೇಳಿದರು.

ಆ ಕಂಪನಿ ಮಾರಾಟವಾಗಿತ್ತು. ಹಡಗು ಬಂದರಿನಲ್ಲಿದ್ದಾಗ, ಹಳೆಯ ಬಾವುಟ ಇಳಿಸಿ ಹೊಸದನ್ನು ಏರಿಸಿ, ಹೊಗೆ ಕೊಳವೆಯ ಮೇಲಿನ ಗುರುತನ್ನೂ ತೆಗೆಯಿರಿ ಎಂದು ಅಪ್ಪಣೆ ಬಂತು. ಕೊಳವೆಯ ಮೇಲಿನ ‘ಕೆ’ ಬರೀ ಬಣ್ಣವಲ್ಲ, ಕಬ್ಬಿಣದ ಪಟ್ಟಿಯನ್ನು ವೆಲ್ಡಿಂಗ್ ಮಾಡಿ ಕೂರಿಸಿದ್ದು. ತೆಗೆಯುವ ಕೆಲಸ ಫಿಟ್ಟರನದು, ಎಂದರೆ ಮಾಮಾನದು. ಹಲಗೆ ಕಟ್ಟಿಕೊಂಡು ಹತ್ತಿ, ಗ್ರೈಂಡರಿನಿಂದ ಎರಡು ದಿನ ಉಜ್ಜಿ ಅಕ್ಷರವನ್ನು ಕಿತ್ತರು. ಹದಿನೇಳನೆಯ ವಯಸ್ಸಿಗೆ ಅದೇ ಕಂಪನಿಗೆ ಸೇರಿದ್ದ ಕ್ಯಾಪ್ಟನ್ ಎರಡೂ ದಿನ ಕೆಳಗೆ ನಿಂತು ನೋಡುತ್ತಿದ್ದನಂತೆ. ಇಳಿಸಿದ ಬಾವುಟವನ್ನು ತಂದು ಕೊಟ್ಟರೆ, ಕಣ್ಣಿಗೆ ಬೀಳದ ಹಾಗೆ ಎಲ್ಲಾದರೂ ಒಯ್ಯಿರಿ ಎಂದುಬಿಟ್ಟನಂತೆ. ಮಾಮಾ ಅದನ್ನು ತಮ್ಮ ಕೋಣೆಗೆ ಒಯ್ದರು.

“ನಾ ಮಾಡಿದ್ದು ನನ್ನ ಕೆಲಸ ಅದ. ಆದ್ರ ಆ ಮನಷಾನ ಮಾರಿ ನೋಡಬಾರದಾಗಿತ್ತು,” ಎಂದರು.

ಮಗಳು ಹುಟ್ಟಿದಳು. ಬಾಣಂತನದ ಬಿಡುವಿನಲ್ಲಿ ಅಕ್ಕ ಕೂಸಿಗೆಂದು ಕೌದಿ ಹೊಲಿಯಲು ಕುಳಿತಳು. ಅವ್ವನ ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಅಂಗಡಿಯ ತುಂಡುಗಳು. ನಡುವೆ ಏನಿಡಲಿ ಎಂದು ಹುಡುಕುವಾಗ ಆ ಬಾವುಟ ಕೈಗೆ ಸಿಕ್ಕಿತು. ಮಾಮಾ ಆಗ ಮತ್ತೆ ನೀರಿನ ಮೇಲಿದ್ದರು, ಕೇಳುವ ಹಾಗಿರಲಿಲ್ಲ. ಎಂಟು ತಿಂಗಳ ನಂತರ ಬಂದು ನೋಡಿದಾಗ ಮಗಳು ‘ಕೆ’ ಅಕ್ಷರದ ಮೇಲೆ ಬೋರಲು ಬಿದ್ದು ಮಲಗಿದ್ದಳು. ಅವರು ಪಕ್ಕದಲ್ಲಿ ಬಹಳ ಹೊತ್ತು ಕುಳಿತರು. ಉಳಿದ ಬಾವುಟಗಳೂ ಒಂದೊಂದಾಗಿ ದಿಂಬಿನ ಚೀಲ, ಹೊಲಿಗೆ ಯಂತ್ರದ ಹೊದಿಕೆ ಆಗಿ ಸವೆದುಹೋದವು. ಕೌದಿ ಮಾತ್ರ ಉಳಿಯಿತು. ಆ ಮಗಳು ಈಗ ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದ ಕಚೇರಿಯೊಂದರಲ್ಲಿ ನೌಕರಿ ಮಾಡುತ್ತಾಳೆ. ಕೋಣೆ ಬಾಡಿಗೆಗೆ ಹಿಡಿದಾಗ ಮೊದಲು ಒಯ್ದದ್ದೇ ಕೌದಿಯನ್ನು.

ಮಾಮಾ ಕೆಲಸ ಬಿಟ್ಟು ಊರಿಗೆ ಬಂದು ಕೆಲವು ವರ್ಷಗಳಾಗಿದ್ದವು. ಹಳೆಯ ಹಡಗಿನವರದೊಂದು ವಾಟ್ಸಾಪ್ ಗುಂಪು ಇದೆ. ಒಂದು ದಿನ ಅದರಲ್ಲಿ ಆ ಕ್ಯಾಪ್ಟನ್ನಿನ ಸಂದೇಶ ಬಂತು. ನನಗೀಗ ವಯಸ್ಸಾಗಿದೆ, ಹ್ಯಾಂಬರ್ಗಿನ ಹತ್ತಿರ ಹೆಂಡತಿಯೊಡನೆ ಇದ್ದೇನೆ, ತೋಟದಲ್ಲಿ ಕಂಬವಿದೆ, ಏರಿಸಲು ನಮ್ಮ ಮನೆಯ ಬಾವುಟವಿಲ್ಲ. ಅಂದು ಸಿಟ್ಟಿನಲ್ಲಿ ಕಳಕೊಂಡೆ, ಯಾರ ಬಳಿಯಾದರೂ ಇದ್ದರೆ ತಿಳಿಸಿ ಎಂದು ಬರೆದಿದ್ದ. ಮಾಮಾ ಉತ್ತರ ಬರೆಯಲಿಲ್ಲ. ಮೂರು ದಿನ ಅಂಗಳದಲ್ಲಿ ಸುಮ್ಮನೆ ಓಡಾಡಿದರು. ನಾಲ್ಕನೆಯ ದಿನ ಅಕ್ಕ ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತಳು.

“ಕೌದಿ ಬಿಚ್ಚು ಅಂತ ಅವರು ಬಾಯಿ ಬಿಟ್ಟು ಕೇಳವಲ್ಲರು. ಕೇಳಿದ್ರ ಇಲ್ಲ ಅಂತಿದ್ದೆ. ಕೇಳದೆ ಕುಂತಾರ, ಈಗ ಏನು ಮಾಡಲಿ ಹೇಳು?” ಎಂದಳು.

ಇಪ್ಪತ್ತು ವರ್ಷಕ್ಕೂ ಮೇಲೆ ಮೈಗೆ ಹೊದ್ದ ಕೌದಿಯ ನಡುಭಾಗ ಕತ್ತರಿಸಿದರೆ ಉಳಿದ ಬಟ್ಟೆ ನಿಲ್ಲುವುದಿಲ್ಲ. ಅದು ನನಗೂ ಗೊತ್ತು. ಸಾವಿರಾರು ಸಣ್ಣ ಟಾಕೆಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಅದನ್ನೇ ನೋಡಿ ಹೊಸದೊಂದು ಹೊಲಿಯುತ್ತೇನೆ ಎಂದೆ. ಅಕ್ಕ ಎದ್ದು ಹೋಗಿ ಮಾಮಾನಿಗೆ ಹೇಳಿದಳು. ಮಾಮಾ ಅಂದೇ ಕ್ಯಾಪ್ಟನ್ನಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು: ಬಾವುಟ ನನ್ನ ಹತ್ತಿರವೇ ಇದೆ, ಆದರೆ ಮಗಳ ಹೊದಿಕೆಯೊಳಗಿದೆ, ಅದನ್ನು ಕೊಡಲಾರೆ, ಅದರ ಜೋಡಿಯೊಂದನ್ನು ಕಳಿಸುತ್ತೇನೆ.

ಮರುವಾರ ಮೂವರೂ ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಹೋದೆವು. ಮಗಳು ಕೌದಿಯನ್ನು ಮಂಚದ ಮೇಲೆ ಹಾಸಿ, ಬೇಕಾದರೆ ಬಿಚ್ಚಿಕೊಳ್ಳಿರಿ, ನನಗೇನೂ ಬೇಸರವಿಲ್ಲ ಎಂದಳು. ಹಾಗೆ ಹೇಳುತ್ತ ಅದರ ಅಂಚನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಬಿಚ್ಚುವುದಿಲ್ಲ ಎಂದು ಅಕ್ಕ ಹೇಳಿದ ಮೇಲೆಯೇ ಬಿಟ್ಟಳು.

ನಾನು ಮೇಲೆ ದಿನಪತ್ರಿಕೆ ಹರವಿ ಪೆನ್ಸಿಲಿನಿಂದ ಆಕಾರ ತೆಗೆದೆ. ಕಷ್ಟವಾದದ್ದು ಬಣ್ಣ. ಒಗೆದು ಬಿಸಿಲಿಗೆ ಹಾಕಿ ಹಾಕಿ ಹಸಿರೆಲ್ಲ ಬೂದಿಬಣ್ಣವಾಗಿತ್ತು. ಹೂ ಬಿಡುವ ಮೊದಲು ತೊಗರಿ ಇರುತ್ತದಲ್ಲ ಅಂಥ ಹಸಿರು ಎಂದು ಮಾಮಾ ಹೇಳಿದರೆ, ಅದಕ್ಕಿಂತ ಗಾಢವಿತ್ತು ಎಂದು ಅಕ್ಕ ವಾದಿಸಿದಳು. ನಾನು ಒಂದು ಉಪಾಯ ಹೇಳಿದೆ. ಹಸಿರು ತುಂಡಿನ ಅಂಚನ್ನು ಒಳಕ್ಕೆ ಮಡಚಿ ಹೊಲಿದಿರುತ್ತಾರೆ, ಆ ಮಡಿಕೆಯೊಳಗೆ ಬಿಸಿಲು ತಾಕಿರುವುದಿಲ್ಲ. ಬಿಚ್ಚುವ ಕೆಲಸವನ್ನು ಅಕ್ಕ ನನಗೆ ಕೊಡಲಿಲ್ಲ. ಕನ್ನಡಕ ಏರಿಸಿ, ಸೂಜಿಯ ಮೊನೆಯಿಂದ ಎರಡು ಬೆರಳಗಲ ತಾನೇ ಬಿಚ್ಚಿದಳು. ಒಳಗೆ ಹೊಸದರಂತೆಯೇ ಇದ್ದ ಹಸಿರು, ಅಕ್ಕ ಹೇಳಿದ್ದಕ್ಕೆ ಹತ್ತಿರವಾದದ್ದು. ಮಾಮಾ ಬಗ್ಗಿ ನೋಡಿದರು. ನಾನು ಮೊಬೈಲಿನಲ್ಲಿ ಚಿತ್ರ ಹಿಡಿದೆ, ಆದರೆ ಚಿತ್ರವನ್ನು ನಂಬದೆ, ಒಳಗಿನ ಎರಡು ನೂಲೆಳೆಗಳನ್ನು ಕಿತ್ತು ಕಾಗದದಲ್ಲಿ ಮಡಚಿಕೊಂಡೆ. ಅಕ್ಕ ಬಿಚ್ಚಿದ್ದನ್ನು ಅಲ್ಲೇ ಮತ್ತೆ ಹೊಲಿದಳು.

ಬರುವಾಗ ಸೇಡಂನಲ್ಲಿ ಇಳಿದು ಆ ನೂಲೆಳೆ ಹಿಡಿದು ಬಟ್ಟೆ ಅಂಗಡಿಗಳನ್ನು ಸುತ್ತಿದೆವು. ಮೂರನೆಯ ಅಂಗಡಿಯಲ್ಲಿ ಅದೇ ಹಸಿರಿನ ತೆಳು ನೈಲಾನ್ ಸಿಕ್ಕಿತು. ಯಾವ ಹಬ್ಬಕ್ಕೆ ಎಂದು ಅಂಗಡಿಯವನು ಕೇಳಿದ. ಮಾಮಾ ಹಡಗಿನ ಕಥೆ ಶುರು ಮಾಡಿದರು, ಬಸ್ಸು ತಪ್ಪಿತು.

ಮೊದಲ ಬಾವುಟವನ್ನು ನಾನು ಕೆಡಿಸಿದೆ. ಬಾವುಟ ಒಂದೇ ಪದರದ್ದಾದರೆ ಹಿಂಬದಿಯಿಂದ ‘ಕೆ’ ತಿರುಗುಮುರುಗಾಗಿ ಕಾಣುತ್ತದೆ. ಅದು ಹಳೆಯ ಹೊಲಿಗೆಯವನ ತಪ್ಪೆಂದು ತಿಳಿದು, ಎರಡು ಪದರ ಮಾಡಿ ಎರಡೂ ಕಡೆ ನೆಟ್ಟಗೆ ಅಕ್ಷರ ಕೂರಿಸಿದೆ. ನನ್ನ ಮಟ್ಟಿಗೆ ಅದು ಬಹಳ ಚೆನ್ನಾಗಿತ್ತು. ಮಾಮಾ ಅದನ್ನು ಕೈಯಲ್ಲಿ ತೂಗಿ ನೋಡಿ, ಮಾಳಿಗೆಗೆ ಒಯ್ದು ಬಿದಿರಿಗೆ ಕಟ್ಟಿದರು. ಒಳ್ಳೆಯ ಗಾಳಿಯಿದ್ದರೂ ಒದ್ದೆ ಕಂಬಳಿಯ ಹಾಗೆ ಜೋತುಬಿತ್ತು.

“ಓದಾಕ ಮಾಡಿದ್ದಲ್ಲ ಇದು, ಹಾರಾಕ ಮಾಡಿದ್ದು,” ಎಂದರು ಮಾಮಾ. ನನಗೆ ಬೇಸರವಾಯಿತು. ಎರಡು ದಿನ ಮುಟ್ಟಲಿಲ್ಲ. ಆಮೇಲೆ ಒಂದೇ ಪದರದಲ್ಲಿ ಮತ್ತೆ ಹೊಲಿದೆ: ಅಕ್ಷರವನ್ನು ಒಂದು ಬದಿ ಕೂರಿಸಿ, ಸುತ್ತ ಹೊಲಿದು, ಹಿಂಬದಿಯ ಹಸಿರನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆಯುವುದು. ಮಾಮಾ ಹಗ್ಗಕ್ಕೆ ಸಿಕ್ಕಿಸುವ ಗುಂಡಿಯಂಥ ಗುಬಟನ್ನು ಜಾಲಿ ಕಟ್ಟಿಗೆಯಲ್ಲಿ ಕೆತ್ತಿ, ಎಣ್ಣೆ ಹಚ್ಚಿ ಕೊಟ್ಟರು. ಈ ಸಲ ಮಾಳಿಗೆಯ ಮೇಲೆ ಅದು ಪಟಪಟ ಬಡಿಯಿತು.

ಅಂಚೆಯಲ್ಲಿ ಪರದೇಶದ ಪಾರ್ಸೆಲ್ಲಿಗೆ ಫಾರ್ಮು ತುಂಬಬೇಕಿತ್ತು. ಒಳಗೇನಿದೆ ಎಂದರು, ಬಾವುಟ ಎಂದೆವು. ಯಾವ ದೇಶದ್ದು ಎಂದು ಗುಮಾಸ್ತೆ ತಲೆಯೆತ್ತಿ ನೋಡಿದಳು.

“ದೇಶದ್ದಲ್ರಿ ಮೇಡಂ, ಒಂದು ಮನೀದು,” ಎಂದರು ಮಾಮಾ. ಆಕೆ ಸ್ವಲ್ಪ ಯೋಚಿಸಿ ‘ಹೊಲಿದ ಬಟ್ಟೆ’ ಎಂದು ಬರೆದುಕೊಂಡಳು.

ಮೂರು ವಾರಕ್ಕೆ ಕ್ಯಾಪ್ಟನ್ನಿನ ಉತ್ತರ ಬಂತು. ಮೊದಲು ಧನ್ಯವಾದ. ಆಮೇಲೆ ತಕರಾರು: ‘ಕೆ’ಯ ಕೆಳಗಿನ ಕಾಲು ಗಿಡ್ಡವಾಗಿದೆ, ಅದು ಹಸಿರಿನ ಅಂಚಿಗೆ ಒಂದು ಬೆರಳು ಹತ್ತಿರ ಬರಬೇಕು. ಮಾಮಾ ಇದನ್ನು ನನಗೆ ಹೇಳಲು ಅಂಜಿದರು. ನನಗೆ ಮಾತ್ರ ಸಮಾಧಾನವಾಯಿತು. ಕುಪ್ಪಸದ ತೋಳು ಸರಿಯಿಲ್ಲ ಎಂದು ತಿರುಗಿ ಬರುವ ಹೆಂಗಸೇ ಅದನ್ನು ತೊಡುವವಳು. ಚೆನ್ನಾಗಿದೆ ಎಂದು ಒಯ್ದವರು ಎಷ್ಟೋ ಸಲ ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ಕೌದಿಯ ಮೇಲೆ ಹೋಗಿ ಅಳೆದು ನೋಡು ಎಂದು ಮಗಳಿಗೆ ಫೋನು ಮಾಡಿದೆ. ಮುದುಕ ಹೇಳಿದ್ದೇ ಸರಿ. ಪತ್ರಿಕೆ ಜರುಗಿ ನಾನು ತಪ್ಪು ಎಳೆದಿದ್ದೆ. ಅಕ್ಷರವೊಂದನ್ನೇ ಸರಿಯಾಗಿ ಕತ್ತರಿಸಿ ಲಕೋಟೆಯಲ್ಲಿ ಕಳಿಸಿದೆ. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದ್ದು ಆತನ ಹೆಂಡತಿಯಂತೆ. ಆಕೆಗೂ ಹೊಲಿಗೆ ಬರುತ್ತದೆ.

ಏರಿಸುವ ದಿನ ವೀಡಿಯೊ ಕಾಲ್ ಮಾಡಿದರು. ಇಲ್ಲಿ ಸಂಜೆ, ಅಲ್ಲಿ ಮಧ್ಯಾಹ್ನ. ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಸಿನ ಮೇಲೆ ಕುಳಿತರು. ಉದ್ದನೆಯ, ಬಾಗಿದ ಮುದುಕನೊಬ್ಬ ಹುಲ್ಲಿನ ನಡುವೆ ನಿಂತು ಹಗ್ಗ ಎಳೆದ. ಬಾವುಟ ಮೇಲೇರಿತು. ಆದರೆ ಅಲ್ಲಿ ಅಂದು ಎಲೆಯೂ ಅಲುಗದಂಥ ದಿನ. ಅದು ಕಂಬಕ್ಕೆ ಅಂಟಿಕೊಂಡು ಸುಮ್ಮನೆ ನಿಂತಿತು. ಕಾದೆವು. ಕ್ಯಾಪ್ಟನ್ ಆಕಾಶ ನೋಡಿದ, ಕ್ಷಮಿಸಿ ಎಂದ, ಮತ್ತೆ ನೋಡಿದ. ಕೊನೆಗೆ ಅವನ ಹೆಂಡತಿ ಏನೋ ಗೊಣಗುತ್ತ ಬಂದು ಹಗ್ಗ ಸಡಿಲಿಸಿ, ಬಾವುಟವನ್ನು ಕೈಗೆ ಸಿಗುವಷ್ಟು ಕೆಳಗಿಳಿಸಿ, ಅದರ ತುದಿ ಹಿಡಿದು ತೋಳು ಚಾಚಿ ನಿಂತಳು. ನೀಲಿ, ಬಿಳಿ, ಹಸಿರು, ನೆಟ್ಟಗಿನ ‘ಕೆ’, ಎಲ್ಲ ಕಂಡಿತು.

ಮಾಮಾ ಕಣ್ಣೊರೆಸಿಕೊಂಡರು. ಆಮೇಲೆ ಮುದುಕರಿಬ್ಬರೂ ತಮ್ಮ ಹಡಗಿನ ಇಂಗ್ಲಿಷಿನಲ್ಲಿ, ಯಾವಾಗಲೂ ಸೋರುತ್ತಿದ್ದ ಪಂಪೊಂದರ ವಿಷಯ ತೆಗೆದು ನಗಲು ಶುರು ಮಾಡಿದರು. ಆ ಹೆಂಗಸು ಇನ್ನೂ ತೋಳು ಚಾಚಿಯೇ ನಿಂತಿದ್ದಳು. ಅಕ್ಕ ಮೊಬೈಲಿನ ಹತ್ತಿರ ಬಗ್ಗಿ ನೋಡಿ, ಮಾಮಾನ ಭುಜ ತಟ್ಟಿದಳು.

“ಆಕಿಗೆ ಕೈ ಇಳಸಲಿಕ್ಕೆ ಹೇಳ್ರಿ. ನೋಡಿದ್ವಿ, ಭಾಳ ಚಂದ ಅದ ಅನ್ರಿ,” ಎಂದಳು.