ಪಕ್ಕದ ಸೀಟಿನ ಬುಸ್ಸಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಬಾನೆಟ್ ತೆರೆದ ಹಳೆಯ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತವರೊಬ್ಬರು ಸೈಕಲ್ ಪಂಪು ಒತ್ತುತ್ತಿದ್ದಾರೆ. ಗಾಳಿ ಹೋಗುತ್ತಿರುವುದು ಟೈರಿಗಲ್ಲ, ತೆಳುವಾದ ರಬ್ಬರ್ ಕೊಳವೆಯ ಮೂಲಕ ಒಂದು ಸೋಪಿನ ಡಬ್ಬಿಗೆ. ಡಬ್ಬಿಯ ಮುಖದ ಪುಟ್ಟ ಪರದೆಯಲ್ಲಿ ಅಂಕಿಗಳು ಏರುತ್ತವೆ. ಒಂದು ಹಂತಕ್ಕೆ ಬಂದದ್ದೇ ತಡ, ವೈರಿನ ತುದಿಯಲ್ಲಿರುವ ವಾಲ್ವು ಟಕಟಕ ಎನ್ನತೊಡಗುತ್ತದೆ.

"ಉಸಿರಾಡ್ತಾ ಇದೆ" ಎಂದು ಅವರು ಪಂಪನ್ನು ಕೆಳಗಿಡುತ್ತಾರೆ.

ಗ್ಯಾರೇಜುಗಳಲ್ಲಿ ಇವರಿಗೆ ಬುಸ್ಸಣ್ಣ ಎಂದೇ ಹೆಸರು. ಟರ್ಬೊ ಕಾರು ಗೇರು ಬದಲಿಸುವಾಗ ಬಿಡುವ ಬುಸ್ ಎಂಬ ಸದ್ದಿನಿಂದ ಅಂಟಿಕೊಂಡದ್ದು. "ನಾನು ಬುಸುಗುಡ್ತೀನಿ ಅಂದ್ಕೊಂಡು ಬರ್ತಾರೆ. ಮನೇಲಿ ಆ ಖಾತೆ ನನ್ನ ಹೆಂಡತೀದು" ಎಂದು ನಗುತ್ತಾರೆ.

ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವುದು ಟರ್ಬೊ. ಗಾಳಿ ಸಾಲದಿದ್ದರೆ ಕಾರಿಗೆ ಕಸುವಿಲ್ಲ, ಮಿತಿಮೀರಿದರೆ ಎಂಜಿನ್ನೇ ಚಿಂದಿ. ಎಷ್ಟು ತುಂಬಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನೋಡಿಕೊಳ್ಳುವುದು ಈ ಡಬ್ಬಿಯ ಕೆಲಸ. ಗುಜರಿಯ ವಾಲ್ವು, ಒತ್ತಡ ಅಳೆಯುವ ಸೆನ್ಸರು, ಅಂಗೈಯಗಲದ ಸರ್ಕ್ಯೂಟು ಸೇರಿಸಿ ಬುಸ್ಸಣ್ಣ ಇದನ್ನು ಮನೆಯಲ್ಲೇ ಕಟ್ಟುತ್ತಾರೆ. ಮೊದಲನೆಯದು ಮೇಜಿನ ಮೇಲೇ ಸುಟ್ಟುಹೋಯಿತು. "ವಾಸನೆಗೆ ಪಕ್ಕದ ಮನೆಯವರು ಓಡಿಬಂದು, ಒಲೆ ಮೇಲೆ ಏನಿಟ್ಟಿದೀರಿ ನೋಡ್ಕೊಳ್ಳಿ ಅಂದ್ರು."

ಈಗ ಊರಿನ ಎಷ್ಟೋ ಕಾರುಗಳ ಬಾನೆಟ್ಟಿನಡಿ ಇವರ ಡಬ್ಬಿಗಳಿವೆ. ಮಾಲೀಕರು ಗೆಳೆಯರ ಮುಂದೆ ಅದನ್ನು ಹೊರದೇಶದ ಮಾಲು ಎನ್ನುತ್ತಾರಂತೆ. "ಅಂದ್ಕೊಳ್ಳಲಿ ಬಿಡಿ. ಕಾರು ಓಡ್ತಿದೆಯಲ್ಲ."

ಆದರೆ ತಾವು ಮಾಡಿದ ಡಬ್ಬಿಯ ಕಾರನ್ನು ಬುಸ್ಸಣ್ಣ ಒಮ್ಮೆಯೂ ಓಡಿಸಿಲ್ಲ.

ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಅಪಘಾತದಲ್ಲಿ ಜಜ್ಜಿಹೋಗಿದ್ದ ಶೆಡ್ಡಿನ ಈ ಕಾರನ್ನು ತಂದು ವರ್ಷಗಟ್ಟಲೆ ಕೂತು ರೂಪಕ್ಕೆ ತಂದರು. ಎಂಜಿನ್ ಶುರುಮಾಡಬೇಕೆಂದಿದ್ದ ವಾರವೇ, ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದಂತೆಯೇ ಮೂರ್ಛೆ ಬಂದು ಬಿದ್ದರು. ಮಣಿಕಟ್ಟಿನ ಸುಟ್ಟ ಕಲೆ ಇಂದಿಗೂ ಇದೆ. ಮಾತ್ರೆ ತಪ್ಪಿಸಬಾರದು, ಸ್ಟಿಯರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಬಹುಕಾಲ ಮತ್ತೆ ಬಾರದಿದ್ದರೆ ಆಮೇಲೆ ಯೋಚಿಸೋಣ ಎಂದೂ ಹೇಳಿದರು. ಇನ್ನೇನು ಆ ಗಡುವು ಮುಗಿಯಿತು ಅನ್ನುವಾಗ ಮತ್ತೆ ಬಿದ್ದರು. ಎಣಿಕೆ ಮೊದಲಿನಿಂದ ಶುರು.

"ಮಾರಿಬಿಡೋಣ ಅಂತ ಹೊರಟೆ. ಇವಳು ಕೀ ಬಚ್ಚಿಟ್ಟುಬಿಟ್ಟಳು."

ಹೆಂಡತಿ ಟೈಲರು. ರಸ್ತೆ ದಾಟಲೂ ಗಂಡನ ತೋಳು ಹಿಡಿಯುತ್ತಿದ್ದವರು, ಯಾರಿಗೂ ಹೇಳದೆ ಡ್ರೈವಿಂಗ್ ಶಾಲೆಗೆ ಸೇರಿದರು. "ಹೊಲಿಗೆ ಮೆಷಿನ್ನಿಗೂ ಕಾಲಲ್ಲೇ ತಾನೇ ವೇಗ ಕೊಡೋದು" ಎಂಬುದು ಅವರ ವಾದ.

ಇಂದು ಹೊಸ ಡಬ್ಬಿಯ ಪರೀಕ್ಷೆ. ಮುಚ್ಚಿಹೋದ ಕಲ್ಲು ಗಣಿಯ ಏರುದಾರಿಯಲ್ಲಿ ನರಪಿಳ್ಳೆಯೂ ಇಲ್ಲ. ಆಕೆ ಸ್ಟಿಯರಿಂಗ್ ಹಿಡಿದಿದ್ದಾರೆ, ಬುಸ್ಸಣ್ಣ ಪಕ್ಕದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಏರಿನ ನಡುವೆ ಕಾರು ಒಮ್ಮೆಲೇ ಜಿಗಿಯುತ್ತದೆ. ಆಕೆ ಗಾಬರಿಯಾಗಿ ಕಾಲು ತೆಗೆಯುತ್ತಾರೆ.

"ತೆಗೀಬೇಡ್ವೇ! ನಾನಿದೀನಲ್ಲ."

ಎರಡನೇ ಸಲ ಆಕೆ ಗಟ್ಟಿಯಾಗಿ ಒತ್ತುತ್ತಾರೆ. ಅಂಕಿ ಮಿತಿ ದಾಟುತ್ತಿದ್ದಂತೆ ಡಬ್ಬಿ ವಾಲ್ವಿನ ಕರೆಂಟನ್ನು ಕಡಿಯುತ್ತದೆ, ಗಾಳಿ ತಗ್ಗಿ ಕಾರು ಸೌಮ್ಯವಾಗುತ್ತದೆ.

"ರೀ, ಕೆಟ್ಟೋಯ್ತಾ?"

"ಇಲ್ಲ ಕಣೆ, ಹುಷಾರಾಗಿದೆ. ಹೆಚ್ಚಾದಾಗ ತಾನಾಗೇ ಇಳಿಸ್ಕೊಳ್ತು." ಡಬ್ಬಿಯ ಮೇಲೆ ಬೆರಳಾಡಿಸುತ್ತ, "ನನ್ನ ತಲೆಯೊಳಗೂ ಇಂಥದ್ದೊಂದು ಕೂರಿಸಕ್ಕೆ ಬಂದಿದ್ರೆ" ಎನ್ನುತ್ತಾರೆ. ಆಕೆ ಗೇರಿನ ಮೇಲಿದ್ದ ಕೈಯನ್ನು ಅವರ ಕೈಯ ಮೇಲಿಡುತ್ತಾರೆ.

ಅವರು ಡಬ್ಬಿಯಲ್ಲಿ ಒತ್ತಡದ ಅಂಕಿಯನ್ನು ಕೊಂಚ ತಗ್ಗಿಸಿದ ಮೇಲೆ ಮೂರನೇ ಸಲ. ಕಾರು ಏರನ್ನು ಒಂದೇ ಉಸಿರಿಗೆ ನುಂಗಿ ಮೇಲೆ ನಿಲ್ಲುತ್ತದೆ. ಆಕೆ ಹುಡುಗಿಯಂತೆ ಕೇಕೆ ಹಾಕುತ್ತಾರೆ. ಅವರು ಡಬ್ಬಿಯನ್ನು ನೋಡುತ್ತಲೇ ಇಲ್ಲ, ಆಕೆಯ ಮುಖ ನೋಡುತ್ತಿದ್ದಾರೆ.

"ಹೇಗಿತ್ತು ಹೇಳು."

"ಬೆನ್ನಿಗೆ ಯಾರೋ ಕೈಹಾಕಿ ತಳ್ಳಿದ ಹಾಗೆ."

"ಅದು ನನಗೂ ಗೊತ್ತಾಯ್ತಲ್ಲ. ಕಾಲಿಗೆ ಹೇಗಿತ್ತು?"

ಆಕೆ ಪೆಡಲಿನ ಮೇಲೆ ಪಾದವನ್ನು ಮೆಲ್ಲಗೆ ಆಡಿಸಿ ನೋಡುತ್ತಾರೆ. "ಹೇಳಕ್ಕೆ ಬರ್ತಿಲ್ಲ ರೀ."

ವಾಪಸು ಬಂದ ಮೇಲೆ, ಮುಂದಿನ ಆಸೆ ಏನೆಂದು ಕೇಳಿದರೆ ಬುಸ್ಸಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ದೊಡ್ಡದೇನಿಲ್ಲ. ಡಾಕ್ಟರು ಹ್ಞೂಂ ಅಂದ ದಿನ ಆ ಏರಲ್ಲಿ ಒಂದೇ ಸಲ, ನನ್ನ ಕಾಲಲ್ಲೇ. ಸ್ಪೀಡೂ ಬೇಡ. ಟರ್ಬೊ ಎದ್ದೇಳೋದು ಪಾದಕ್ಕೆ ಗೊತ್ತಾದ್ರೆ ಸಾಕು. ಇಳಿಯುವಾಗ ಇವಳೇ ಓಡಿಸಲಿ. ನನಗಿಂತ ಚೆನ್ನಾಗಿ ಓಡಿಸ್ತಾಳೆ."