ಮಾವನ ಕೈಯ ಕತ್ತರಿ

ನಮ್ಮ ಮಾವ ಯಾರನ್ನೂ ಬಾಯಿಬಿಟ್ಟು ಹೊಗಳಿದವರಲ್ಲ. ಬೈಂಡಾದ ಪುಸ್ತಕ ಕೈಗೆ ಬಂದರೆ ಅದರ ಅಂಚಿನುದ್ದಕ್ಕೂ ಹೆಬ್ಬೆರಳನ್ನು ಒಮ್ಮೆ ಎಳೆಯುತ್ತಿದ್ದರು. ಸರಿಯಿದ್ದರೆ ಬಲಗಡೆಯ ಅಟ್ಟಿಗೆ, ಇಲ್ಲದಿದ್ದರೆ ಎಡಗಡೆಗೆ. ಅಷ್ಟೇ, ಮಾತಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮಡಚಿಟ್ಟ ಟವೆಲ್ಲುಗಳ ಅಂಚಿಗೂ ಹಾಗೇ ಬೆರಳೆಳೆದು, ಮೂರನ್ನು ಎಡಗಡೆಗೆ ಇಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಾವ, ಇದು ಮೈ ಒರೆಸೋ ಬಟ್ಟೆ. ಲೈಬ್ರರಿಗೆ ಹೋಗೋ ಪುಸ್ತಕ ಅಲ್ಲ" ಅಂದೆ.

"ಅಂಚು ಅಂದ್ರೆ ಅಂಚೇ ಕಣಮ್ಮ" ಅಂದರು. ಆವತ್ತು ಶುರುವಾದ ನಮ್ಮಿಬ್ಬರ ಜಗಳ ಇಪ್ಪತ್ತೆರಡು ವರ್ಷ ನಡೆಯಿತು. ಅತ್ತೆ ಇದ್ದಷ್ಟು ದಿನ ಇಬ್ಬರಿಗೂ ಬುದ್ಧಿ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಕೈಚೆಲ್ಲಿ ಕೂತಿದ್ದರು.

ಹದಿನಾಲ್ಕನೇ ವಯಸ್ಸಿಗೆ ಬೈಂಡಿಂಗ್ ಅಂಗಡಿಯಲ್ಲಿ ಅಂಟು ಕಾಯಿಸುವ ಕೆಲಸಕ್ಕೆ ಸೇರಿದವರು ಅವರು. ಮುಂದೆ ತಮ್ಮದೇ ಅಂಗಡಿ ಮಾಡಿದರು, ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ. ಅಲ್ಲಿ ರಟ್ಟು ಕತ್ತರಿಸುವ ಮೇಜು, ದಾರದುಂಡೆಗಳು, ಮೂಲೆಯಲ್ಲಿ ಚಕ್ರ ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಪ್ರೆಸ್ಸು. ಬೆನ್ನು ಮುರಿದ ನಿಘಂಟು, ಆಫೀಸುಗಳ ದಪ್ಪ ರಿಜಿಸ್ಟರು, ಓದುವ ಮಕ್ಕಳ ಪ್ರಬಂಧ, ಯಾವುದು ಬಂದರೂ ಬಿಚ್ಚಿ, ಹೊಲಿದು, ಅಂಟು ಹಚ್ಚಿ, ಒಂದು ದಿನ ಪ್ರೆಸ್ಸಿನಲ್ಲಿ ಒತ್ತಿಟ್ಟು ಕೊಡುತ್ತಿದ್ದರು. ನಮ್ಮ ಯಜಮಾನರೂ ಅಪ್ಪನ ಹತ್ತಿರವೇ ಕೆಲಸ ಕಲಿತು ಅಲ್ಲೇ ನಿಂತರು. "ಅಂಟು ಅಂತ ಇದ್ದ ಮೇಲೆ ಅದಕ್ಕೆ ಭಾರ ಬೇಕು" ಎಂಬುದು ಅಪ್ಪ ಮಗನಿಗೆ ಹೇಳಿಕೊಟ್ಟ ಮೊದಲ ಪಾಠ. ಈ ಪಾಠ ಮುಂದೆ ನಮ್ಮ ಮನೆಗೆ ಏನು ತಂದಿಟ್ಟಿತು ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ಎಪ್ಪತ್ತೊಂದನೇ ವಯಸ್ಸಿನಲ್ಲಿ ಮಾವನಿಗೆ ಮಲದ ಜೊತೆ ರಕ್ತ ಬೀಳತೊಡಗಿತು. ಮೂರು ತಿಂಗಳು ಯಾರಿಗೂ ಬಾಯಿ ಬಿಡಲಿಲ್ಲ. ಕೊನೆಗೆ ಮಗ ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೊತ್ತಾಯಿತು, ಕ್ಯಾನ್ಸರು, ಗುದನಾಳದಲ್ಲಿ. ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. "ಆ ಭಾಗ ಪೂರ್ತಿ ತೆಗೆದು ಕೆಳಗಿನ ದಾರಿ ಮುಚ್ಚಿಬಿಡ್ತೀವಿ. ಕರುಳಿನ ತುದೀನ ಹೊಟ್ಟೆಯ ಎಡಗಡೆ ಹೊರಗೆ ತರ್ತೀವಿ. ಮಲ ಬೀಳೋಕೆ ಅಲ್ಲಿಗೊಂದು ಚೀಲ. ಜೀವನಪರ್ಯಂತ" ಅಂದರು. ಮಾವ ತಲೆ ತಗ್ಗಿಸಿ ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹೊಲಿಗೆ ಬಿಚ್ಚಲ್ಲ ತಾನೆ?"

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಮಾವ ಬಗ್ಗಿ ನೋಡಿ, "ಸ್ವಲ್ಪ ಮೇಲೆ ತಗೊಳ್ಳಿ ಡಾಕ್ಟ್ರೇ. ನಾನು ಬಗ್ಗಿ ಕೆಲಸ ಮಾಡೋನು. ಅಲ್ಲಿ ಮಡಿಕೆ ಬೀಳತ್ತೆ" ಅಂದರು. ಡಾಕ್ಟರು ಅವರನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, ಗುರುತನ್ನು ಎರಡು ಬೆರಳು ಮೇಲಕ್ಕೆ ಹಾಕಿದರು.

ಆರು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಯಜಮಾನರು ಆಸ್ಪತ್ರೆಯ ಚೀಟಿಯೊಂದನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಉಗುರಿನಿಂದ ಗೆರೆ ತೀಡುತ್ತಿದ್ದರು. "ಚೀಟಿ ಹರಿದುಹೋಗತ್ತೆ, ಬಿಡ್ರೀ" ಎಂದು ರೇಗಿದೆ. ರೇಗಿದ ಬಾಯಿ ಮುಚ್ಚುವಷ್ಟರಲ್ಲಿ ನನಗೇ ಅಳು ಬಂತು.

ಗಡ್ಡೆ ಪೂರ್ತಿ ತೆಗೆದಾಯಿತು ಎಂದರು ಡಾಕ್ಟರು. ವಾರ್ಡಿನಲ್ಲಿ ನರ್ಸಮ್ಮ ಚೀಲದ ವಿಷಯ ಹೇಳಿಕೊಟ್ಟರು. ಚೀಲಕ್ಕೊಂದು ಅಂಟಿನ ಬಿಲ್ಲೆ ಇರುತ್ತದೆ. ಅದರ ನಡುವೆ ಕರುಳಿನ ಬಾಯಿಯಷ್ಟೇ ಅಗಲ ತೂತು ಕತ್ತರಿಸಬೇಕು, ಚರ್ಮಕ್ಕೆ ಅಂಟಿಸಿ ಅಂಗೈಯ ಬಿಸಿ ಕೊಡಬೇಕು. ಈಗ ಮೂವತ್ತೆರಡು ಮಿಲಿಮೀಟರು, ಊತ ಇಳಿದ ಹಾಗೆ ಮತ್ತೆ ಅಳೆಯಬೇಕು. ನಾನು ಎಲ್ಲವನ್ನೂ ಬರೆದುಕೊಂಡೆ. ಯಜಮಾನರು ಅರ್ಧ ಕಣ್ಣು ಮುಚ್ಚಿ ಕೇಳಿದರು. ಮಾವ ಗೋಡೆಯ ಕಡೆ ತಿರುಗಿ ಮಲಗಿದ್ದರು, ಅತ್ತ ನೋಡಲೇ ಇಲ್ಲ.

ಮನೆಗೆ ಬಂದ ದಿನವೇ ಕಟ್ಟಪ್ಪಣೆಯಾಯಿತು: "ಈ ಕೆಲಸಕ್ಕೆ ಸೊಸೆ ಕೈ ಹಾಕಕೂಡದು." ಸರಿ, ಮಗನೇ ಮಾಡತೊಡಗಿದರು. ಹೊಸ ಚೀಲಗಳ ಡಬ್ಬವೂ ಕೆಳಗಿನ ಅಂಗಡಿ ಸೇರಿತು.

ಐದನೇ ದಿನ ಮಾವನ ಹಳೆಯ ಜೊತೆಗಾರರು ನೋಡಲು ಬಂದರು. ಒಂದೇ ಅಂಗಡಿಯಲ್ಲಿ ಒಟ್ಟಿಗೆ ಅಂಟು ಕಾಯಿಸಿದವರು. ಹಳೆಯದನ್ನೆಲ್ಲ ನೆನೆದು ಇಬ್ಬರೂ ನಗುತ್ತಿದ್ದಾಗ ಮಾವನ ಹೊಟ್ಟೆಯ ಚೀಲ ದೊಡ್ಡದಾಗಿ ಸದ್ದು ಮಾಡಿತು. ಹಿಂದೆಯೇ ಬಿಲ್ಲೆ ಕಿತ್ತುಕೊಂಡು ಅಂಗಿ, ಹಾಸಿಗೆ ಎಲ್ಲ ಹೊಲಸಾಯಿತು. ಆ ಹಿರಿಯರು ಪಾಪ, ಕಿಟಕಿಯ ಹೊರಗೆ ಏನೋ ನೋಡುತ್ತಿರುವವರಂತೆ ನಿಂತುಬಿಟ್ಟರು. ಅವರು ಹೋದ ಮೇಲೆ ಮಾವ ಊಟದ ತಟ್ಟೆಯನ್ನು ಮುಟ್ಟಲಿಲ್ಲ.

"ಹೊಟ್ಟೆಗೆ ಹಾಕಿದ್ರೆ ತಾನೆ ಅದು ಹೊರಗೆ ಬರೋದು?" ಅಂದರು.

ಅಲ್ಲಿಂದ ಒಂಬತ್ತು ದಿನ. ಬೆಳಿಗ್ಗೆ ಎರಡು ಚಮಚ ಗಂಜಿ, ಸಂಜೆ ಅರ್ಧ ಲೋಟ ಹಾಲು. ಆದರೂ ಚೀಲ ಸೋರುವುದು ನಿಲ್ಲಲಿಲ್ಲ. ಸುತ್ತಲಿನ ಚರ್ಮ ಕೆಂಪಾಗಿ ಸುಲಿಯಿತು. ಬೇಡಿಕೊಂಡೆವು, ಗದರಿದೆವು, ಏನೂ ನಡೆಯಲಿಲ್ಲ. ನರ್ಸಮ್ಮನಿಗೆ ಫೋನ್ ಮಾಡಿದರೆ, "ಊಟ ಇಲ್ದೆ ಗಾಯ ಕೂಡಲ್ಲ. ಸೋಮವಾರದವರೆಗೆ ನೋಡಿ. ತಿನ್ನಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ, ಮೂಗಿನಿಂದ ನಳಿಗೆ ಹಾಕ್ಬೇಕಾಗತ್ತೆ" ಎಂದರು. ಮಾವ ಕೇಳಿಸಿಕೊಂಡರು.

"ನಾನು ಮತ್ತೆ ಅಲ್ಲಿಗೆ ಬರಲ್ಲ. ನನ್ನ ಪಾಡಿಗೆ ನನ್ನ ಬಿಟ್ಬಿಡಿ" ಎಂದರು. ಆ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಯಜಮಾನರು ಔಷಧಿ ತರಲು ಹೋಗಿದ್ದಾಗ ಚೀಲ ಮತ್ತೆ ಸೋರಿತು. ಮನೆಯಲ್ಲಿ ನಾನೊಬ್ಬಳೇ.

"ನಾನು ಬದಲಾಯಿಸ್ತೀನಿ ಮಾವ."

"ಬೇಡ. ಅವನು ಬರಲಿ."

"ಅವರು ಬರೋವರೆಗೆ ಈ ಹೊಲಸಲ್ಲೇ ಬಿದ್ದಿರ್ತೀರಾ? ಇಪ್ಪತ್ತೆರಡು ವರ್ಷ ಟವೆಲ್ಲಿನ ಅಂಚಿಗೆ ಅಂತ ನನ್ನ ಪ್ರಾಣ ತಿಂದ್ರಿ. ಇವತ್ತು ನಾನು ಹೇಳಿದ್ದು ಕೇಳಿ!" ಎಂದು ಕಿರುಚಿ, ಉತ್ತರಕ್ಕೂ ಕಾಯದೆ ಕೆಳಗೆ ಹೋದೆ.

ಡಬ್ಬದಲ್ಲಿ ಒಂದೂ ಚೀಲವಿರಲಿಲ್ಲ. ಕಪಾಟು, ಮೇಜಿನ ಕೆಳಗೆ, ಎಲ್ಲ ಹುಡುಕಿದೆ. ಕೊನೆಗೆ ಪ್ರೆಸ್ಸಿನ ಕಡೆ ಕಣ್ಣು ಹೋಯಿತು. ಎರಡು ಹಲಗೆಗಳ ನಡುವೆ ಉಳಿದಿದ್ದ ಏಳೂ ಚೀಲ, ಮೇಲೆ ಚಕ್ರ ಬಿಗಿಯಾಗಿ ತಿರುಗಿಸಿಟ್ಟಿದ್ದರು! ಬಿಡಿಸಿ ನೋಡಿದರೆ ಬಿಲ್ಲೆಯ ಅಂಟೆಲ್ಲ ಹಿಂಡಿಹೋಗಿ ನಡುವೆ ತೆಳ್ಳಗಾಗಿತ್ತು, ಅಂಚಿನಲ್ಲಿ ಗಂಟು ಕಟ್ಟಿತ್ತು. ಒಂದನ್ನು ತಂದು ಮಾವನ ಮುಂದೆ ಹಿಡಿದೆ.

"ನೋಡಿ ನಿಮ್ಮ ಮಗನ ಕೆಲಸ!"

ಮಾವ ಅದನ್ನು ಕೈಗೆ ತೆಗೆದುಕೊಂಡು ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. ಕಣ್ಣಲ್ಲಿ ಹಳೆಯ ಉರಿ ಕಾಣಿಸಿತು. ಒಂಬತ್ತು ದಿನದಲ್ಲಿ ಅದೇ ಮೊದಲು.

"ಯಾವ ಕತ್ತೆ ಇದನ್ನ ಪ್ರೆಸ್ಸಿಗೆ ಹಾಕಿದ್ದು?"

"ನೀವೇ ಸಾಕಿದ ಕತ್ತೆ. ಅಂಟಿಗೆ ಭಾರ ಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

ಆಸ್ಪತ್ರೆಯಿಂದ ತಂದ ಚೀಲವೊಂದು ನನ್ನ ಕೈಚೀಲದಲ್ಲೇ ಉಳಿದಿತ್ತು. ಅದನ್ನು ತೆಗೆದುಕೊಟ್ಟೆ. ಮಾವ ಬೆರಳಿನಿಂದ ಒತ್ತಿ, ಮೂಸಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರು. "ಇದು ನಮ್ಮ ಅಂಟಲ್ಲಮ್ಮ. ಇದಕ್ಕೆ ಭಾರ ಬೇಡ, ಬಿಸಿ ಬೇಕು" ಎಂದರು. ನರ್ಸಮ್ಮ ಹೇಳಿದ್ದೂ ಅದನ್ನೇ. ನಾನು ಬರೆದ ಹಾಳೆ ಅಡುಗೆಮನೆಯ ಗೋಡೆಯ ಮೇಲೇ ಇತ್ತು. ಓದಿದವರು ಯಾರು?

"ನನ್ನ ಕತ್ತರಿ ತಾ. ನಿನ್ನ ಅಡುಗೆಮನೇದಲ್ಲ."

ಕತ್ತರಿ ತಂದೆ. ಮೊದಲು ಕರುಳಿನ ಬಾಯಿಯನ್ನು ಅಳೆಯಬೇಕಿತ್ತು. ಅಳೆಯಬೇಕೆಂದರೆ ನೋಡಬೇಕು. ಆವತ್ತಿನವರೆಗೂ ಮಾವ ಅದನ್ನು ನೋಡಿರಲಿಲ್ಲ. ಕನ್ನಡಿ ಹಿಡಿಯಲು ಹೇಳಿದರು, ಹಿಡಿದೆ. ಕೆಂಪಗೆ, ಒದ್ದೆಯಾಗಿ, ಸಣ್ಣ ಮಗುವಿನ ತುಟಿಯ ಹಾಗಿತ್ತು. ಮಾವ ತುಂಬ ಹೊತ್ತು ನೋಡಿದರು. ಅವರ ಗಲ್ಲದಿಂದ ಒಂದು ಹನಿ ಬನಿಯನ್ನಿನ ಮೇಲೆ ಬಿತ್ತು. ನಾನು ಕನ್ನಡಿಯನ್ನು ಅಲುಗಿಸಲಿಲ್ಲ.

"ಇಷ್ಟೇನಾ?" ಎಂದರು. ಆಮೇಲೆ ಆಸ್ಪತ್ರೆಯವರು ಕೊಟ್ಟ ಅಳತೆಯ ಕಾರ್ಡು ಹಿಡಿದು ನೋಡಿ, "ಇದು ಇಪ್ಪತ್ತೆಂಟೇ ಇರೋದು. ಅವನು ಇನ್ನೂ ಮೂವತ್ತೆರಡೇ ಕತ್ತರಿಸ್ತಿದಾನೆ. ಸೋರದೆ ಇನ್ನೇನಾಗತ್ತೆ?" ಎಂದು ಬೈದರು.

ಕತ್ತರಿಸಲು ಹೊರಟರೆ ಕೈ ನಡುಗಿತು. ಒಂಬತ್ತು ದಿನ ತಿನ್ನದ ಕೈ. ಎರಡು ಸಲ ಹಿಡಿದು ಎರಡು ಸಲ ಕೆಳಗಿಟ್ಟರು. ನಾನು ಬಿಲ್ಲೆಯನ್ನು ಹಿಡಿದುಕೊಂಡೆ.

"ಕತ್ತರಿ ತಿರುಗಿಸಬಾರದು. ಬಿಲ್ಲೆ ತಿರುಗಿಸ್ಬೇಕು. ನಿಧಾನಕ್ಕೆ" ಎಂದರು. ಅವರು ಕತ್ತರಿ ಆಡಿಸಿದರು, ನಾನು ತಿರುಗಿಸಿದೆ. ತೂತು ದುಂಡಗೆ ಬಂತು. ಮಾವ ಅದರ ಒಳಗೆ ಹೆಬ್ಬೆರಳು ಆಡಿಸಿ, ಹಾಸಿಗೆಯ ಬಲಗಡೆಗೆ ಇಟ್ಟರು. ಆಮೇಲೆ ನಾನು ಚರ್ಮ ತೊಳೆದು ಒರೆಸಿದೆ. ಅವರು ಬೇಡ ಅನ್ನಲಿಲ್ಲ. ಬಿಲ್ಲೆ ಅಂಟಿಸಿ ಅದರ ಮೇಲೆ ನನ್ನ ಅಂಗೈ ಇಟ್ಟೆ, ನನ್ನ ಕೈಯ ಮೇಲೆ ಅವರು ತಮ್ಮ ಕೈ ಇಟ್ಟರು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಹಾಗೇ ಕೂತಿದ್ದೆವು.

ಯಜಮಾನರು ಬಂದ ಮೇಲೆ ಅವರಿಗೆ ಸಿಕ್ಕಿದ ಮಂಗಳಾರತಿಯನ್ನು ನಾನಿಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಮಾವ ಗೋಡೆ ಹಿಡಿದುಕೊಂಡು ಊಟದ ಮೇಜಿಗೆ ತಾವೇ ಬಂದರು. ಮೆತ್ತಗೆ ಬೇಯಿಸಿದ ಅನ್ನ ಬಡಿಸಿದೆ. ನಾಲ್ಕು ತುತ್ತು ಉಂಡರು. ಐದನೆಯದು ಕೈಯಲ್ಲಿದ್ದಾಗ ಚೀಲ ಸದ್ದು ಮಾಡಿತು, ಆವತ್ತಿನಷ್ಟೇ ದೊಡ್ಡದಾಗಿ. ಯಜಮಾನರ ಕೈ ನಿಂತಿತು. ನಾಳೆಯೇ ಸೋಮವಾರ.

ಮಾವ ತುತ್ತನ್ನು ತಟ್ಟೆಯಲ್ಲಿಟ್ಟರು. ಎಡಗೈಯ ಹೆಬ್ಬೆರಳನ್ನು ಅಂಗಿಯೊಳಗೆ ಹಾಕಿ ಬಿಲ್ಲೆಯ ಅಂಚಿನ ಸುತ್ತ ನಿಧಾನವಾಗಿ ಎಳೆದರು. ಬೆರಳು ಹೊರಗೆ ತೆಗೆದು ನೋಡಿದರು. ಒಣಗಿತ್ತು. ಇಟ್ಟ ತುತ್ತನ್ನು ಮತ್ತೆ ಎತ್ತಿ ಬಾಯಿಗೆ ಹಾಕಿಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಇನ್ನೊಂದು ಸೌಟು ಹಾಕಮ್ಮ."

ನಾನು ಎದ್ದು ಬಡಿಸಿದೆ. ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ, ಅರ್ಧ ಅನ್ನ ಮೇಜಿನ ಮೇಲೆ ಬಿತ್ತು.

"ಅಂಚು ನೋಡ್ಕೊಂಡು ಬಡಿಸು ಕಣಮ್ಮ" ಎಂದರು ಮಾವ.