ಕಾಕಾ ಅಗೆದ ಇಂಗ್ಲಿಷ್ ಶಬ್ದ

ನಮ್ಮ ಕಾಲೇಜಿನ ಮಕ್ಕಳು ಈಗೀಗ ಇಂಗ್ಲಿಷ್ ಪ್ರಬಂಧವನ್ನು ಮೊಬೈಲಿನ ಎಐ ಕೈಯಲ್ಲಿ ಬರೆಸುತ್ತಾರೆ. ಯಾರ ಹಾಳೆ ತೆಗೆದರೂ ಮೊದಲ ಸಾಲಿನಲ್ಲೇ ‘ಡೆಲ್ವ್’ ಎಂಬ ಇಂಗ್ಲಿಷ್ ಶಬ್ದ ಕೂತಿರುತ್ತದೆ. ವಿಷಯದ ಆಳಕ್ಕೆ ಇಳಿಯೋಣ ಎಂದರ್ಥ. ಇಳಿದವರನ್ನು ಮಾತ್ರ ನಾನು ಕಾಣೆ, ಬಿಡಿ. ಮೊನ್ನೆ ರವಿವಾರ ಹಾಳೆಗಳ ಕಟ್ಟು ಹೊತ್ತು ಮುದ್ದೇಬಿಹಾಳದ ಕಾಕುವಿನ, ಅಂದರೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ತಿದ್ದುತ್ತ ಕೂತಾಗ ಆ ಶಬ್ದ ಮತ್ತೆ ಎದುರಾಯಿತು. ಸಲಿಕೆ ಹಿಡಿದು ನಿಂತ ಕಾಕಾ ನೆನಪಾದರು.

ಕಾಕಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಧೋತರದ ಅಂಚು ಮಣ್ಣಿಗೆ ತಾಗಿದರೆ ಇನ್ನೊಮ್ಮೆ ಸ್ನಾನ ಮಾಡುವ ಜೀವ. ಆ ಸ್ನಾನದ ನೀರೆಲ್ಲ ಓಣಿಗೆ ಹರಿದು ಎದುರುಮನೆ ಶಿವಪ್ಪಣ್ಣನ ಕಟ್ಟೆಯ ಬುಡದಲ್ಲಿ ನಿಲ್ಲುತ್ತಿತ್ತು. ಹಿತ್ತಲಲ್ಲೊಂದು ಇಂಗುಗುಂಡಿ ಮಾಡಿಸಿ ಎಂದು ಕಾಕು ವರ್ಷಗಟ್ಟಲೆ ಗೋಗರೆದಿದ್ದಳು. ಕಾಕಾ ‘ಹೂಂ’ ಅನ್ನುತ್ತಿದ್ದರು. ಆ ‘ಹೂಂ’ನಿಂದ ಹನಿ ನೀರೂ ಇಂಗಲಿಲ್ಲ. ಕಡೆಗೆ ಶಿವಪ್ಪಣ್ಣ ಬಾಗಿಲಿಗೇ ಬಂದ.

“ಮಾಸ್ತರ, ಅಮಾಸಿತನಾ ನೋಡ್ತೇನ್ರಿ. ಆಮ್ಯಾಲ ನಿಮ್ಮ ಬಚ್ಚಲ ಬಾಯಿಗೆ ಕಲ್ಲ ಹೆಟ್ಟತೇನಿ. ನೀರಾಗ ನೀವ ಕುಂಡ್ರಿ!”

ಕಾಕು ಅಂದು ಅತ್ತೇಬಿಟ್ಟಳು. ಕಾಕಾ ನಿಘಂಟಿನೊಳಗೆ ತಲೆ ಹುದುಗಿಸಿದರು. ಅಲ್ಲಿ ಅವರಿಗೊಂದು ಆಘಾತ ಕಾದಿತ್ತು. ಡೆಲ್ವ್ ಎಂದರೆ ಮೂಲದಲ್ಲಿ ಅಗೆಯುವುದು. ಹಳೆಯ ಇಂಗ್ಲೆಂಡಿನ ರೈತರು ಸಲಿಕೆ ಹಿಡಿದು ಹೊಲದಲ್ಲಿ ಮಾಡುತ್ತಿದ್ದ ಕೆಲಸ. ಪುಸ್ತಕ ಕೆದಕುವ ಅರ್ಥ ಎಷ್ಟೋ ಕಾಲದ ಮೇಲೆ ಅಂಟಿಕೊಂಡದ್ದು.

“ಜನ್ಮಾ ಪೂರ್ತಿ ಅರ್ಧಾ ಅರ್ಥ ಹೇಳಿದೆನಲ್ಲೋ!” ಎಂದು, ಆಗ ಅವರ ಮನೆಯಲ್ಲಿದ್ದು ಓದುತ್ತಿದ್ದ ನನ್ನೆದುರು ಹಣೆ ಬಡಿದುಕೊಂಡರು. “ಅಗದು ನೋಡದೇ ಈ ಶಬ್ದ ಕಲಸೋ ಅಧಿಕಾರ ನನಗಿಲ್ಲ.”

ಮರುದಿನ ಮುಂಜಾನೆ ಕಚ್ಚೆ ಬಿಗಿದು, ಶಿವಪ್ಪಣ್ಣನನ್ನೇ ಸಲಿಕೆ ಗುದ್ದಲಿ ಕೇಳಿ ತಂದು, ಹಿತ್ತಲಿಗಿಳಿದರು. ಎಲ್ಲಿ ಅಗೆಯುವುದೆಂದು ಯೋಚಿಸುತ್ತ ನಿಂತಾಗ ಕಾಕು ಸಾವಕಾಶ ಬಂದು ಬಚ್ಚಲ ಹಿಂದಿನ ಜಾಗ ತೋರಿಸಿದಳು.

“ಇಲ್ಲಿ ಮಣ್ಣು ಮೆತ್ತಗದರೀ. ಅರ್ಥ ಲಗೂ ಸಿಗ್ತದ.”

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಕಾಕಾಗೆ ಬೆವರಿಳಿಯಿತು. ಅರ್ಥವಾಯಿತು ಎಂದು ಮೇಲೇರಲು ಹೊರಟರು.

“ಅದು ಮ್ಯಾಲಿನ ಅರ್ಥ ಇರಬೇಕ್ರೀ,” ಎಂದಳು ಕಾಕು ಚಹಾ ಕೊಡುತ್ತ. “ಮೂಲ ಅಂದ್ರ ಇನ್ನ ತೆಳಗ ಇರ್ತದಲ್ಲ?”

ಇಷ್ಟು ಓದಿದ ಕಾಕಾಗೆ ಈ ವಾದದಲ್ಲಿ ಒಂದು ತಪ್ಪೂ ಕಾಣಲಿಲ್ಲ. ಮತ್ತೆ ಇಳಿದರು.

ಮಾಸ್ತರರ ಹಿತ್ತಲಲ್ಲಿ ನಿಧಿ ಇದೆಯೆಂದು ಓಣಿಯಲ್ಲಿ ಗುಲ್ಲೆದ್ದಿತು. ಯಾರೋ ಗುಂಡಿಯ ಅಂಚಿಗೆ ನಿಂಬೆಹಣ್ಣು ಇಟ್ಟು ಕೈಮುಗಿದು ಹೋದರು. ಶಿವಪ್ಪಣ್ಣ ಮಾತ್ರ ನೇರವಾಗಿ ಕೇಳಿದ: “ಏನ್ ಹುಡಕಾಕತ್ತೀರಿ ಮಾಸ್ತರ?”

“ಇಂಗ್ಲಿಷ್ ಶಬ್ದದ ಮೂಲ.”

ಅವನು ಗುಂಡಿ ನೋಡಿದ, ಬಚ್ಚಲು ನೋಡಿದ, ಆಮೇಲೆ ಕಾಕುವಿನ ಮುಖ ನೋಡಿದ. “ಹಂಗಾರ ನಾನೂ ಒಂದ್ ಕೈ ಹಚ್ಚತೇನ್ರಿ,” ಎಂದು ನಗು ನುಂಗಿ ಒಳಗಿಳಿದ. ಅಮಾವಾಸ್ಯೆಗೆ ಮೊದಲೇ ಗುಂಡಿ ಎದೆಮಟ್ಟವಾಯಿತು. ಬಚ್ಚಲಿಗೆ ಹೆಟ್ಟಲೆಂದು ಅವನು ತಂದಿಟ್ಟಿದ್ದ ಕಲ್ಲೂ ಅದರೊಳಗೇ ಬಿತ್ತು. ನೀರು ಓಣಿ ಮರೆತು ಅಲ್ಲೇ ಇಂಗತೊಡಗಿತು.

ಕಾಕಾ ಈಗಿಲ್ಲ. ಮೊನ್ನೆ ಕೈಯಲ್ಲಿದ್ದ ಹಾಳೆಯ ಮೊದಲ ಸಾಲನ್ನು ಕಾಕುವಿಗೆ ಓದಿ ಹೇಳಿದೆ.

“ನಿಮ್ಮ ಕಾಕಾನ ಶಬ್ದ,” ಎಂದವಳು ಹಿತ್ತಲ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: “ಗುಂಡಿ ಹೂಳು ತುಂಬೇದ, ನೀರ ಇಳೀವಲ್ದು. ನೀನೂ ಈ ಶಬ್ದ ಕಲಸ್ತೀಯಲ್ಲೋ?”

ನಾನು ಪೆನ್ನು ಮುಚ್ಚಿ ಪ್ಯಾಂಟು ಮಡಚಿದೆ. ಮೊಣಕಾಲುದ್ದ ಇಳಿದು, ಸಾಕೇ ಎನ್ನುವಂತೆ ಮೇಲೆ ನೋಡಿದೆ. ಕಾಕು ಚಹಾ ಹಿಡಿದು ನಿಂತಿದ್ದಳು.

“ಇನ್ನ ತೆಳಗ,” ಎಂದಳು.